ಊರಿನ ಚರಿತ್ರೆ ಯಾರ ಬರಹ?

ಊರಿನ ಚರಿತ್ರೆ ಬರೆದವರ ಮೇಲೆ ಕೃತಿಚೌರ್ಯದ ಆರೋಪ ಬರುವುದು ಹೊಸದೇನಲ್ಲ. ಒಂದು ಕೋಟೆ, ಒಂದು ದರ್ಗಾ, ನಾಲ್ಕು ಶಾಸನ, ಒಂದಿಷ್ಟು ಐತಿಹ್ಯ. ಸಾಮಗ್ರಿ ಇಷ್ಟೇ ಇರುವಾಗ ಹಿಂದೆ ಬರೆದವನ ಮಾತು ಮುಂದೆ ಬರೆಯುವವನ ಪುಸ್ತಕಕ್ಕೆ ನುಸುಳದೆ ಇರುವುದಿಲ್ಲ. ಹೀಗೆ ನುಸುಳಿದ್ದೆಲ್ಲವೂ ಕಳ್ಳತನವೇ? ಈ ಪ್ರಶ್ನೆಯನ್ನು ಸಣ್ಣ ಲೇಖಕರನ್ನು ಹಿಡಿದು ಕೇಳುವುದು ಸುಲಭ. ನಾವು ಒಬ್ಬ ದೊಡ್ಡವರನ್ನೇ ತೆಗೆದುಕೊಳ್ಳೋಣ.

ಸರ್ ಸೈಯದ್ ಅಹ್ಮದ್ ಖಾನರನ್ನು ನಾವೆಲ್ಲ ಅಲೀಗಢದ ಕಾಲೇಜು ಕಟ್ಟಿದವರೆಂದು ಬಲ್ಲೆವು. ಅದಕ್ಕೂ ಬಹಳ ಮೊದಲು ಅವರು ದೆಹಲಿಯಲ್ಲಿ ಮುನ್ಸಿಫರಾಗಿದ್ದರು. ಆಗಲೇ, 1847ರಲ್ಲಿ, ಮೂವತ್ತರ ವಯಸ್ಸಿನಲ್ಲಿ ಅವರು ‘ಆಸಾರುಸ್ಸನಾದೀದ್’ ಎಂಬ ಉರ್ದು ಗ್ರಂಥ ಪ್ರಕಟಿಸಿದರು. ದೆಹಲಿಯ ಹೊರವಲಯದ ಹಳೆಯ ಕಟ್ಟಡಗಳು, ಕೆಂಪುಕೋಟೆ, ಶಹಜಹಾನಾಬಾದ್ ನಗರ, ಕೊನೆಗೆ ಆ ನಗರದ ವಿದ್ವಾಂಸರು, ಸೂಫಿಗಳು, ಕವಿಗಳು: ಹೀಗೆ ನಾಲ್ಕು ಅಧ್ಯಾಯಗಳು. ಜತೆಗೆ ಕಟ್ಟಡಗಳ ನೂರಕ್ಕೂ ಹೆಚ್ಚು ಚಿತ್ರಗಳು.

ಈ ಪುಸ್ತಕದ ಮೇಲೆ ಎರಡು ಆರೋಪಗಳಿವೆ. ಮೊದಲನೆಯದು ಮಿರ್ಜಾ ಸಂಗೀನ್ ಬೇಗರಿಗೆ ಸಂಬಂಧಿಸಿದ್ದು. ಅವರು ಸೈಯದರಿಗಿಂತ ಎರಡು ದಶಕ ಮೊದಲೇ ದೆಹಲಿಯ ಬೀದಿ, ಹವೇಲಿ, ಮಸೀದಿ, ಗೋರಿಗಳನ್ನೆಲ್ಲ ಸುತ್ತಿ ಪಾರಸಿಯಲ್ಲಿ ‘ಸೈರುಲ್ ಮನಾಜಿಲ್’ ಬರೆದಿದ್ದರು. ಅದು ಹಸ್ತಪ್ರತಿಯಾಗಿಯೇ ಉಳಿಯಿತು. ಅದನ್ನು ಬಳಸಿಕೊಂಡೂ ಸೈಯದರು ಹೆಸರು ಹೇಳಲಿಲ್ಲ ಎಂಬುದು ಆಕ್ಷೇಪ. ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು. ಇಬ್ಬರೂ ಒಂದೇ ಊರನ್ನು ಸುತ್ತಿದವರು, ಒಂದೇ ಗೋಡೆಯ ಮೇಲಿನ ಬರಹವನ್ನು ಓದಿದವರು. ಕಲ್ಲಿನ ಮೇಲಿದ್ದದ್ದು ಇಬ್ಬರ ಪುಸ್ತಕದಲ್ಲೂ ಒಂದೇ ತೆರನಾಗಿದ್ದರೆ ಅದರಲ್ಲಿ ಕಳ್ಳತನವೇನು ಬಂತು? ನಕಲು ಸಿಕ್ಕಿಬೀಳುವುದು ಇಬ್ಬರ ತಪ್ಪುಗಳೂ ಒಂದೇ ಆಗಿದ್ದಾಗ. ನಮ್ಮ ಪರೀಕ್ಷಾ ಕೊಠಡಿಗಳ ಮೇಲ್ವಿಚಾರಕರಿಗೂ ಈ ಸೂತ್ರ ಗೊತ್ತು!

ಸೈಯದರು ಕುಳಿತಲ್ಲೇ ಬರೆದವರಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಕುತುಬ್ ಮಿನಾರಿನ ಮೇಲಿನ ಅಂತಸ್ತುಗಳ ಅಕ್ಷರಗಳು ನೆಲದಿಂದ ಕಾಣುತ್ತಿರಲಿಲ್ಲ. ಅವರು ಬಿದಿರುಗಳನ್ನು ನಿಲ್ಲಿಸಿ, ನಮ್ಮ ಅಡುಗೆಮನೆಯ ನೆಲುವಿನಂಥದ್ದನ್ನು ಕಟ್ಟಿಸಿ, ಅದರಲ್ಲಿ ಕುಳಿತು ತೂಗಾಡುತ್ತಲೇ ಒಂದೊಂದು ಅಕ್ಷರವನ್ನೂ ಬರೆದುಕೊಂಡರು. ಕೆಳಗೆ ನಿಂತು ನೋಡುತ್ತಿದ್ದ ಗೆಳೆಯನ ಮುಖ ಭಯದಿಂದ ಬಿಳಿಚಿಕೊಳ್ಳುತ್ತಿತ್ತಂತೆ.

ಆ ಗೆಳೆಯರೇ ದೆಹಲಿ ಕಾಲೇಜಿನಲ್ಲಿ ಪಾರಸಿ ಕಲಿಸುತ್ತಿದ್ದ ಮೌಲಾನಾ ಇಮಾಮ್ ಬಖ್ಶ್ ಸಹಬಾಯಿ. ಎರಡನೆಯ ಆರೋಪ ಅವರಿಗೆ ಸಂಬಂಧಿಸಿದ್ದು, ಮತ್ತು ಇದು ಹೆಚ್ಚು ಭಾರವಾದದ್ದು. ಮೊದಲ ಆವೃತ್ತಿಯ ಪ್ರಾಸಬದ್ಧ, ಅಲಂಕಾರಭರಿತ ಗದ್ಯ ಸೈಯದರದ್ದಲ್ಲ, ಸಹಬಾಯಿಯವರದ್ದು ಎಂಬುದು ಆ ಮಾತು. ಇದನ್ನು ದಾಖಲಿಸಿದವರು ಶತ್ರುಗಳಲ್ಲ. ಸೈಯದರನ್ನು ಅಪಾರವಾಗಿ ಗೌರವಿಸುತ್ತಿದ್ದ ಅಲ್ತಾಫ್ ಹುಸೇನ್ ಹಾಲಿಯವರೇ 1901ರ ‘ಹಯಾತೆ ಜಾವೇದ್’ನಲ್ಲಿ ಇದನ್ನು ಬರೆದರು, ಅದೂ ಸೈಯದರ ಬಾಯಿಂದಲೇ ಬಂದ ಮಾತೆಂದು. ಹಾಗಾದರೆ ಓಡಾಟ ಒಬ್ಬರದ್ದು, ವಾಕ್ಯ ಇನ್ನೊಬ್ಬರದ್ದು, ಹೊದಿಕೆಯ ಮೇಲೆ ಹೆಸರು ಮಾತ್ರ ಒಂದೇ.

ಆ ಕಾಲದಲ್ಲಿ ಹೆಸರು ಹೇಳುವ ಪದ್ಧತಿಯೇ ಇರಲಿಲ್ಲ ಎಂದು ಕೆಲವರು ಸಮರ್ಥಿಸುವುದುಂಟು. ನಮಗೆ ಇದು ಒಪ್ಪಿಗೆಯಿಲ್ಲ. ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ, ನಮ್ಮ ಬಿಜಾಪುರದಲ್ಲೇ ಕುಳಿತು 17ನೇ ಶತಮಾನದ ಆರಂಭದಲ್ಲಿ ಚರಿತ್ರೆ ಬರೆದ ಫರಿಶ್ತಾ ತಾನು ನೋಡಿದ ಮೂವತ್ತಕ್ಕೂ ಹೆಚ್ಚು ಗ್ರಂಥಗಳ ಹೆಸರನ್ನು ಪಟ್ಟಿ ಮಾಡಿದ್ದಾನೆ. ಪುಸ್ತಕದ ಋಣವನ್ನು ಒಪ್ಪಿಕೊಳ್ಳುವುದು ನಮ್ಮವರಿಗೆ ಗೊತ್ತಿತ್ತು. ಜತೆಗಿದ್ದು ಓದಿ ಹೇಳಿದವನ, ತಿದ್ದಿ ಕೊಟ್ಟವನ ಋಣ ಮಾತ್ರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈಗಲೂ ಬರುವುದು ಕಡಿಮೆ. ಪಾರಸಿ ಶಾಸನವನ್ನು ಓದಿ ಅರ್ಥ ಹೇಳಿದ ಮುದಿ ಉಸ್ತಾದರು, ದರ್ಗಾದ ಸನದುಗಳನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದ ಮುಜಾವರರು ನಮ್ಮ ಊರಚರಿತ್ರೆಗಳಲ್ಲಿ ‘ಸ್ಥಳೀಯರ ಪ್ರಕಾರ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತಾರೆ. ಪುಸ್ತಕದಿಂದ ಕದ್ದರೆ ಹಿಡಿಯಬಹುದು, ಬಾಯಿಂದ ಕದ್ದರೆ ಸಾಕ್ಷಿಯೇ ಇರುವುದಿಲ್ಲ.

ಸೈಯದರ ವಿಷಯದಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವರು ಪುಸ್ತಕವನ್ನು ಹಾಗೆಯೇ ಬಿಡಲಿಲ್ಲ. 1854ರಲ್ಲಿ ಅದನ್ನು ಹೊಸದಾಗಿಯೇ ಬರೆದರು. ಅಲಂಕಾರ ಹೋಯಿತು, ಸರಳ ಉರ್ದು ಬಂತು, ಮಾಹಿತಿ ಎಲ್ಲಿಂದ ಬಂತೆಂಬ ಉಲ್ಲೇಖಗಳೂ ಬಂದವು. ಗಾರ್ಸಾಂ ದ ತಾಸಿ 1861ರಲ್ಲಿ ಅದನ್ನು ಫ್ರೆಂಚಿಗೆ ತಂದರು. 1864ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿ ಸೈಯದರಿಗೆ ಗೌರವ ಸದಸ್ಯತ್ವ ನೀಡಿತು. ಆದರೆ ಅದೇ ಪರಿಷ್ಕರಣೆಯಲ್ಲಿ ನಾಲ್ಕನೆಯ ಅಧ್ಯಾಯ ಪೂರ್ತಿ ಬಿದ್ದುಹೋಯಿತು. ದೆಹಲಿಯ ಜನರಿದ್ದದ್ದು ಆ ಅಧ್ಯಾಯದಲ್ಲಿ; ಗಾಲಿಬ್ ಇದ್ದದ್ದು, ಸಹಬಾಯಿ ಇದ್ದದ್ದು ಅಲ್ಲಿಯೇ.

ಮೂರು ವರ್ಷಗಳ ನಂತರ, 1857ರಲ್ಲಿ, ದೆಹಲಿಯನ್ನು ಮರಳಿ ಗೆದ್ದ ಇಂಗ್ಲಿಷರು ಸಹಬಾಯಿಯವರನ್ನು ಅವರ ಮೊಹಲ್ಲಾದ ಇತರರೊಂದಿಗೆ ಕೊಂದರು. ಸಂಗೀನ್ ಬೇಗರ ಹಸ್ತಪ್ರತಿಗೆ ಮಾತ್ರ ಕೊನೆಗೂ ಅಚ್ಚಿನ ಭಾಗ್ಯ ಬಂತು. 1982ರಲ್ಲಿ ಶರೀಫ್ ಹುಸೇನ್ ಕಾಸಿಮಿಯವರು ಅದನ್ನು ಸಂಪಾದಿಸಿ, ಉರ್ದು ಅನುವಾದದೊಂದಿಗೆ ಹೊರತಂದರು. ‘ಆಸಾರ್’ನ ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಕಟ್ಟಡವನ್ನು ಹೋಲಿಸಿ ನೋಡುವವರಿಗೆ ಈಗ ಯಾವ ಅಡ್ಡಿಯೂ ಇಲ್ಲ.