ಮಕರ್ರಾಟ

ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನ ಯೊಲ್ಙು ಮೂಲನಿವಾಸಿಗಳ ಮಾತಿದು. ಜಗಳದ ನಂತರ ಒಂದುಗೂಡುವುದು ಎಂದು ಅರ್ಥ ಹೇಳುತ್ತಾರೆ. ಅಷ್ಟಕ್ಕೇ ನಿಂತರೆ ಪದದ ಜೀವ ಕೈತಪ್ಪುತ್ತದೆ. ಹಳೆಯ ಆಚರಣೆಯಲ್ಲಿ ತಪ್ಪು ಮಾಡಿದವನು ನೊಂದವರ ಎದುರು ಬಂದು ನಿಲ್ಲಬೇಕು. ಅವನ ತೊಡೆಗೆ ಈಟಿ ನಾಟಿ ರಕ್ತ ಕಂಡ ಮೇಲೆಯೇ ವ್ಯಾಜ್ಯ ತೀರಿದಂತೆ.

ನಮ್ಮ ‘ರಾಜಿ’ಯಲ್ಲಿ ಈ ನೋವಿಲ್ಲ, ಅರಬ್ಬಿ ಮೂಲದ ಆ ಪದಕ್ಕೆ ಒಪ್ಪಿಗೆಯಷ್ಟೇ ಸಾಕು. ‘ಸಂಧಾನ’ ಹತ್ತಿರ ಬರುತ್ತದೆ. ಕೃಷ್ಣಸಂಧಾನದಲ್ಲಿ ಅದು ಶಾಂತಿಯ ಮಾತುಕತೆ, ಶರಸಂಧಾನದಲ್ಲಿ ಬಿಲ್ಲಿಗೆ ಬಾಣ ಹೂಡುವುದು. ಆಯುಧವೂ ಸ್ನೇಹವೂ ಒಂದೇ ಪದದಲ್ಲಿ!

ಆಸ್ಟ್ರೇಲಿಯಾದ ಸರ್ಕಾರಿ ಪದ ‘ರೀಕನ್ಸಿಲಿಯೇಷನ್’, ಅಂದರೆ ಮತ್ತೆ ಸ್ನೇಹವಾಗುವುದು. ಮೊದಲು ಸ್ನೇಹ ಇದ್ದದ್ದಾದರೂ ಯಾವಾಗ ಎಂದು ಕೇಳುವ ಮೂಲನಿವಾಸಿ ಯುವಜನರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಕರ್ರಾಟ ಹಾಗೆ ಹಳೆಯ ಸ್ನೇಹವನ್ನು ಕಲ್ಪಿಸಿಕೊಳ್ಳುವುದಿಲ್ಲ. ಗಾಯದಿಂದಲೇ ಮಾತು ಶುರು ಮಾಡುತ್ತದೆ.

1979ರಲ್ಲಿ ಮೂಲನಿವಾಸಿ ಪ್ರತಿನಿಧಿಗಳು ಸರ್ಕಾರದೊಡನೆ ಬಯಸಿದ ಒಪ್ಪಂದಕ್ಕೆ ಈ ಹೆಸರಿಟ್ಟರು. 2017ರಲ್ಲಿ ಮೂಲನಿವಾಸಿ ಪ್ರತಿನಿಧಿಗಳು ಹೊರಡಿಸಿದ ಉಲುರು ಹೇಳಿಕೆ ಮಕರ್ರಾಟ ಆಯೋಗವನ್ನು ಕೇಳಿತು: ಒಪ್ಪಂದಗಳಾಗಲಿ, ಇತಿಹಾಸದ ಸತ್ಯ ಹೊರಬರಲಿ. ಅದೇ ಹೇಳಿಕೆ ಮೊದಲು ಕೇಳಿದ್ದು ಸಂವಿಧಾನದಲ್ಲಿ ತಮಗೊಂದು ‘ಧ್ವನಿ’, ಅಂದರೆ ಸಂಸತ್ತಿಗೆ ಸಲಹೆ ನೀಡುವ ಸಂಸ್ಥೆ. ಉಲುರು ಯೂತ್ ಡೈಲಾಗ್ ಎಂಬ ಯುವ ಗುಂಪಿನ ತರುಣ ತರುಣಿಯರು ಅದಕ್ಕಾಗಿ ದುಡಿದರು. 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಸುಮಾರು ಶೇ. 60ರಷ್ಟು ಮತದಾರರು ಅದನ್ನು ಬೇಡವೆಂದರು. ಆಯೋಗದ ಬೇಡಿಕೆ ಇನ್ನೂ ಹಾಗೇ ನಿಂತಿದೆ.