ಹಿತ್ತಲಿನಲ್ಲಿ ಕಿತ್ತಳೆ ಬಣ್ಣದ ಸಿಹಿಗೆಣಸು

ಮಳೆ ಕಡಿಮೆಯಿರುವ ರಾಯದುರ್ಗ, ಮಡಕಶಿರ ಕಡೆಯ ಹಿತ್ತಲಲ್ಲೂ 'ಭೂ ಸೋನಾ' ಗೆಣಸು ಬೆಳೆಯಬಹುದು. ಇದು ಕೇಂದ್ರೀಯ ಗೆಡ್ಡೆಗೆಣಸು ಸಂಶೋಧನಾ ಸಂಸ್ಥೆಯ ತಳಿ. ಇದರ ಕಿತ್ತಳೆ ಬಣ್ಣದ ತಿರುಳಿನಲ್ಲಿ 100 ಗ್ರಾಂಗೆ ಸುಮಾರು 14 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಇದೆ; ಬಿಳಿ ಗೆಣಸಿನಲ್ಲಿ ಅದು ಅತ್ಯಲ್ಪ. ದೇಹ ಇದನ್ನು 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಮಕ್ಕಳಿಗೆ ಇರುಳುಗಣ್ಣು ಬಾರದಿರಲು ಈ ಜೀವಸತ್ವ ಬೇಕು.

ಬೆಳೆಯುವ ವಿಧಾನ: ಮುಂಗಾರಿನಲ್ಲಿ ಗೇಣುದ್ದದ ಬಳ್ಳಿ ತುಂಡುಗಳನ್ನು 2 ಅಡಿ ಅಂತರದ ಬೋದುಗಳ ಮೇಲೆ ಮುಕ್ಕಾಲು ಅಡಿಗೊಂದರಂತೆ ನೆಡಿ. ಬೇರು ಹಿಡಿಯುವವರೆಗೆ ತೇವ ಆರದಂತೆ ನೋಡಿಕೊಳ್ಳಿ. ಅಕ್ಕಿ, ತರಕಾರಿ ತೊಳೆದ ನೀರೂ ಆಗುತ್ತದೆ. ಯೂರಿಯಾ ಹೆಚ್ಚಾದರೆ ಬಳ್ಳಿ ಹಬ್ಬುತ್ತದೆ, ಗೆಡ್ಡೆ ಸಣ್ಣದಾಗುತ್ತದೆ. ನೆಲ ಬಿರುಕು ಬಿಟ್ಟರೆ ಮೂತಿಹುಳು ಗೆಡ್ಡೆಗೆ ಇಳಿಯುತ್ತದೆ. ಆದ್ದರಿಂದ ಬುಡಕ್ಕೆ ಮಣ್ಣೇರಿಸಿ. ಮೂರೂವರೆಯಿಂದ ನಾಲ್ಕು ತಿಂಗಳಿಗೆ ಅಗೆಯಿರಿ. ತಡವಾದಷ್ಟೂ ಹುಳುವಿನ ಪಾಲು ಹೆಚ್ಚು.