ಪಶುವೈದ್ಯರು ಟ್ರೈನಿಂಗ್‌ಗೆ ಹೋಗೋದ್ಯಾಕೆ? ರೈತರು, ಮೆಡಿಕಲ್ ಶಾಪ್‌ನವರು ತಿಳಿದಿರಬೇಕಾದ ಮಾಹಿತಿ

ಹಸು ಹಿಡ್ಕೊಂಡು ಪಶು ಆಸ್ಪತ್ರೆಗೆ ಹೋದಾಗ ‘ಡಾಕ್ಟ್ರು ಟ್ರೈನಿಂಗ್‌ಗೆ ಹೋಗಿದ್ದಾರೆ’ ಅನ್ನೋ ಉತ್ತರ ಸಿಕ್ಕರೆ ಯಾರಿಗಾದ್ರೂ ಸಿಟ್ಟು ಬರ್ತದೆ. ‘ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಇನ್ನೆಂಥ ಟ್ರೈನಿಂಗು’ ಅಂತ ಗೊಣಗುವವರೂ ಇದ್ದಾರೆ. ಆದರೆ ಕಳೆದ ಇಪ್ಪತ್ತು ವರ್ಷದಲ್ಲಿ ದನಕರುಗಳಿಗೆ ಹೊಸ ರೋಗ ಬಂದಿದೆ. ದಿನಾ ಬಳಸುತ್ತಿದ್ದ ಇಂಜೆಕ್ಷನ್‌ಗಳು ನಿಷೇಧ ಆಗಿವೆ. ಔಷಧಿ ಕೊಟ್ಟ ಹಸುವಿನ ಹಾಲಿನ ಬಗ್ಗೆ ನಿಯಮ ಬಂದಿದೆ. ಇದನ್ನೆಲ್ಲ ತಿಳ್ಕೊಳ್ಳದ ವೈದ್ಯರ ಚೀಟಿಯಿಂದ ನಷ್ಟ ಆಗೋದು ಹಸುವಿಗೆ, ರೈತನಿಗೆ, ಹಾಲು ಕುಡಿಯುವವರಿಗೆ.

ಪಶುವೈದ್ಯರು ಅಂದ್ರೆ ಯಾರು?

ಪಶುವೈದ್ಯಕೀಯ ಪದವಿ ಅಂದರೆ ಬಿ.ವಿ.ಎಸ್ಸಿ. ಅಂಡ್ ಎ.ಎಚ್. ಈಗ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಕೋರ್ಸ್. ಪದವಿ ಪಡೆದವರು ರಾಜ್ಯ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಬೇಕು. ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸಬೇಕು. ಇದಕ್ಕೆ ಆಧಾರ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ.

ಈ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ನೋಂದಣಿ ಆದವರು ಮಾತ್ರ ಪ್ರಾಣಿಗಳಿಗೆ ಚಿಕಿತ್ಸೆ ಕೊಡಬಹುದು. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರುವ ಸಹಾಯಕ ಸಿಬ್ಬಂದಿಗೆ ಸರ್ಕಾರ ಅನುಮತಿ ಕೊಟ್ಟರೆ ಲಸಿಕೆ ಹಾಕೋದು, ಬೀಜ ಒಡೆಯೋದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡೋದು ಇಂಥ ಸಣ್ಣ ಕೆಲಸ ಮಾಡಬಹುದು. ಅದೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲೇ. ಬ್ಯಾಗ್ ಹಾಕ್ಕೊಂಡು ಊರೂರು ತಿರುಗುವವರೆಲ್ಲ ಡಾಕ್ಟ್ರಲ್ಲ.

ಪುಸ್ತಕದಲ್ಲಿದ್ದ ರೋಗ ಕೊಟ್ಟಿಗೆಗೆ ಬಂತು

ಚರ್ಮಗಂಟು ರೋಗ ಇದಕ್ಕೆ ಒಳ್ಳೇ ಉದಾಹರಣೆ. ಭಾರತದಲ್ಲಿ ಇದು ಮೊದಲು ವರದಿಯಾಗಿದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ದನಗಳು ಸತ್ತವು. 2010ರ ಹೊತ್ತಿಗೆ ಪದವಿ ಮುಗಿಸಿದ ವೈದ್ಯರಿಗೆ ಇದು ಆಫ್ರಿಕಾ ಕಡೆಯಿಂದ ಶುರುವಾದ ರೋಗ ಅಂತ ಪುಸ್ತಕದಲ್ಲಿ ಓದಿದ್ದು ಬಿಟ್ಟರೆ, ಕಣ್ಣಾರೆ ನೋಡುವ ಅವಕಾಶವೇ ಇರಲಿಲ್ಲ.

ಇದು ವೈರಸ್‌ನಿಂದ ಬರುವ ಕಾಯಿಲೆ. ಕಚ್ಚುವ ನೊಣ, ಸೊಳ್ಳೆ, ಉಣ್ಣೆ ಮೂಲಕ ಹರಡ್ತದೆ. ಆ್ಯಂಟಿಬಯೋಟಿಕ್‌ನಿಂದ ವೈರಸ್ ಸಾಯಲ್ಲ. ಗಂಟು ಒಡೆದು ಹುಣ್ಣಾದಾಗ ಬೇರೆ ಸೋಂಕು ಸೇರದಿರಲಿ ಅಂತ ಮಾತ್ರ ಅದನ್ನ ಕೊಡ್ತಾರೆ. ತಡೆಗೆ ಮೇಕೆ ಸಿಡುಬಿನ ಲಸಿಕೆ ಬಳಸಲಾಯ್ತು, ಯಾಕಂದ್ರೆ ಎರಡೂ ವೈರಸ್ ಒಂದೇ ಜಾತಿಯವು. ಈ ರೋಗಕ್ಕಂತಲೇ ತಯಾರಿಸಿದ ‘ಲಂಪಿ ಪ್ರೊವ್ಯಾಕ್ ಇಂಡ್’ ಲಸಿಕೆಯನ್ನು ಕೇಂದ್ರದ ಸಂಶೋಧನಾ ಸಂಸ್ಥೆಗಳು 2022ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದವು. ಯಾವ ಹಸುವಿಗೆ ಲಸಿಕೆ ಹಾಕಬೇಕು, ಯಾವುದನ್ನ ಬೇರೆ ಕಟ್ಟಬೇಕು, ಪರೀಕ್ಷೆಗೆ ಮಾದರಿ ಹೇಗೆ ತೆಗೀಬೇಕು ಅನ್ನೋದನ್ನ ಕೆಲಸದಲ್ಲಿದ್ದ ವೈದ್ಯರು ರೋಗ ಹರಡುವಾಗಲೇ ಕಲಿಯಬೇಕಾಯ್ತು.

ನಿಂತುಹೋದ ಇಂಜೆಕ್ಷನ್‌ಗಳು

ಜ್ವರ, ನೋವು, ಬಾವು ಅಂದ್ರೆ ಒಂದು ಕಾಲದಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಕೊಡ್ತಿದ್ದರು. ಈ ಔಷಧಿ ಪಡೆದ ದನ ಸತ್ತು, ಅದರ ಮಾಂಸ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು ಅವೂ ಸಾಯ್ತಿದ್ದವು. ದೇಶದಲ್ಲಿ ಮುಖ್ಯ ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡಿಮೆಯಾದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಉದ್ದಕೊಕ್ಕಿನ ರಣಹದ್ದುಗಳೂ ಈ ಅಪಾಯಕ್ಕೆ ಸಿಕ್ಕ ಜಾತಿಯವೇ. ಸತ್ತ ದನವನ್ನ ತಿಂದು ಮುಗಿಸುವ ಹದ್ದು ಇಲ್ಲದಿದ್ರೆ ಹೆಣ ಕೊಳೆಯೋದು, ಬೀದಿನಾಯಿ ಹೆಚ್ಚೋದು ಊರಿನವರದೇ ತಲೆನೋವು.

ಹಾಗಾಗಿ 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ನಿಷೇಧ ಆಯ್ತು. ಮನುಷ್ಯರಿಗಿರುವ ದೊಡ್ಡ ಬಾಟಲಿಯನ್ನೇ ದನಕ್ಕೆ ಬಳಸೋದು ನಿಲ್ಲದಿದ್ದಾಗ 2015ರಲ್ಲಿ ಮನುಷ್ಯರ ಇಂಜೆಕ್ಷನ್ 3 ಎಂಎಲ್‌ನ ಒಂದೇ ಡೋಸ್ ಪ್ಯಾಕ್‌ನಲ್ಲಿ ಮಾತ್ರ ಬರಬೇಕು ಅಂತ ಆದೇಶ ಬಂತು. 2023ರಲ್ಲಿ ಅಸಿಕ್ಲೋಫೆನಾಕ್, ಕೀಟೊಪ್ರೊಫೆನ್ ಕೂಡ ಪಶುಗಳಿಗೆ ನಿಷೇಧ ಆದವು. ಆಮೇಲೆ ನಿಮೆಸುಲೈಡ್ ಸರದಿಯೂ ಬಂತು. ಇವುಗಳ ಬದಲಿಗೆ ಮೆಲಾಕ್ಸಿಕಾಂ, ಟೊಲ್ಫೆನಾಮಿಕ್ ಆ್ಯಸಿಡ್ ಇವೆ. ಎರಡೂ ಹದ್ದುಗಳಿಗೆ ಸುರಕ್ಷಿತ ಅಂತ ಪರೀಕ್ಷೆಯಲ್ಲಿ ಗೊತ್ತಾಗಿದೆ. ಕೊಲಿಸ್ಟಿನ್ ಅನ್ನೋ ಆ್ಯಂಟಿಬಯೋಟಿಕ್‌ಅನ್ನು 2019ರಿಂದ ಹಾಲು, ಮೊಟ್ಟೆ, ಮಾಂಸ ಕೊಡುವ ಪ್ರಾಣಿಗಳಿಗೂ, ಅವುಗಳ ಫೀಡ್‌ಗೂ ಬಳಸುವಂತಿಲ್ಲ. ಮನುಷ್ಯರಿಗೆ ಬೇರೆ ಯಾವುದೂ ನಾಟದಾಗ ಕೊನೆಗೆ ಉಳಿಯುವ ಔಷಧಿ ಅದು.

ಹತ್ತು ವರ್ಷದ ಹಿಂದಿನ ಚೀಟಿ ತೋರಿಸಿ ‘ಇದೇ ಕೊಡಿ’ ಅನ್ನುವ ಗಿರಾಕಿಗೆ ಅಂಗಡಿಯವರು ಔಷಧಿ ಕೊಡಬಾರದು ಅನ್ನೋದಕ್ಕೆ ಈ ಪಟ್ಟಿ ಒಂದೇ ಸಾಕು.

ಕೆಚ್ಚಲು ಬಾವು ಮತ್ತು ಹಾಲು

ಹಾಲಿನ ಹಸುಗಳಲ್ಲಿ ಆ್ಯಂಟಿಬಯೋಟಿಕ್ ಹೆಚ್ಚು ಖರ್ಚಾಗೋದು ಕೆಚ್ಚಲು ಬಾವಿಗೆ. ಮೊದಲು ಯಾವುದೋ ಒಂದು ಇಂಜೆಕ್ಷನ್, ಬಗ್ಗದಿದ್ರೆ ಇನ್ನೊಂದು. ಈಗ ವೈದ್ಯರಿಗೆ ಹೇಳಿಕೊಡ್ತಿರೋದು ಬೇರೆ ಕ್ರಮ. ಹೊರಗೆ ಕಾಣದ ಬಾವನ್ನ ಸಿಎಂಟಿ ಪರೀಕ್ಷೆಯಿಂದ ಮೊದಲೇ ಹಿಡೀಬೇಕು. ನಾಲ್ಕು ಬಟ್ಟಲಿನ ತಟ್ಟೆಗೆ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಹಿಂಡಿ, ಅಷ್ಟೇ ದ್ರಾವಣ ಹಾಕಿ ಅಲ್ಲಾಡಿಸಿದ್ರೆ, ಬಾವಿರುವ ಮೊಲೆಯ ಹಾಲು ಲೋಳೆ ಲೋಳೆ ಆಗ್ತದೆ. ವಾಸಿ ಆಗದಿದ್ರೆ ಹಾಲನ್ನ ಲ್ಯಾಬ್‌ಗೆ ಕಳಿಸಿ, ಯಾವ ಔಷಧಿ ನಾಟ್ತದೆ ಅಂತ ನೋಡಿ ಕೊಡಬೇಕು.

ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅನ್ನೋದು ಬಾಟಲಿ ಮೇಲೆ ಇರಬೇಕು ಅಂತ 2012ರಿಂದ ನಿಯಮ ಇದೆ. ಆ ಔಷಧಿಗೆ ಪರೀಕ್ಷಿಸಿ ದಿನ ನಿಗದಿ ಮಾಡಿರದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಕಾಯಿಸಿದ ಮಾತ್ರಕ್ಕೆ ಹಾಲಿನಲ್ಲಿರುವ ಔಷಧಿ ಹೋಗಲ್ಲ. ಇಂಥ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರೂ ಸರಿಯಾಗಿ ಆಗಲ್ಲ. ಡೇರಿಗೆ ಹಾಕೋರು, ಹೋಟೆಲ್‌ಗೆ ಕೊಡೋರು ಇದನ್ನ ಗಮನದಲ್ಲಿಡಬೇಕು.

ವೈದ್ಯರ ಪ್ರಾಣಕ್ಕೂ ಸಂಬಂಧ ಇದೆ

ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲಾ, ಮನುಷ್ಯರಿಗೂ ಅಂಟ್ತದೆ. ಸತ್ತೆ ಬೀಳದ ಹಸುವಿಗೆ ಬರಿಗೈ ಹಾಕಿ ತೆಗೆಯುವ ವೈದ್ಯರಿಗೂ ರೈತರಿಗೂ ತಿಂಗಳುಗಟ್ಟಲೆ ಜ್ವರ, ಕೀಲುನೋವು ಬರಬಹುದು. ಇದರ ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜೀವನದಲ್ಲಿ ಒಂದೇ ಸಲ. ಅದು ಜೀವಂತ ಲಸಿಕೆ. ಹಾಕುವವರ ಕೈಗೆ ಸೂಜಿ ಚುಚ್ಚಿದ್ರೂ ಸೋಂಕು ಬರಬಹುದು. ಗ್ಲೌಸ್, ಕನ್ನಡಕ ಹಾಕ್ಕೊಳ್ಳೋದು, ಹುಚ್ಚುನಾಯಿ ಕಡಿದ ದನವನ್ನ ಮುಟ್ಟುವಾಗಿನ ಎಚ್ಚರ ಇವೂ ಟ್ರೈನಿಂಗ್‌ನ ಪಾಠಗಳೇ.

ಎಲ್ಲಿ ಕಲೀತಾರೆ?

ಬೀದರ್‌ನಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳು ಬೀದರ್, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ ಮುಂತಾದ ಕಡೆ ಇವೆ. ಹೆಬ್ಬಾಳದಲ್ಲೇ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ. ಯಲಹಂಕದಲ್ಲಿ ಪಶುರೋಗಗಳ ಲೆಕ್ಕ, ಮುನ್ಸೂಚನೆ ನೋಡಿಕೊಳ್ಳುವ ಕೇಂದ್ರದ ‘ನಿವೇದಿ’ ಸಂಸ್ಥೆ ಇದೆ. ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸೆ, ಮರಣೋತ್ತರ ಪರೀಕ್ಷೆ, ಕಿವಿಯೋಲೆಯ 12 ಅಂಕಿಯ ನಂಬರ್ ಆನ್‌ಲೈನ್‌ನಲ್ಲಿ ದಾಖಲಿಸೋದು ಎಲ್ಲವೂ ಹೀಗೆ ಕಲಿಯುವ ವಿಷಯಗಳು.

ಔಷಧ ಕಂಪನಿಗಳು ಕರೆಯುವ ಸಭೆಗಳೂ ಇವೆ. ಅಲ್ಲಿ ಕಂಪನಿ ತನ್ನ ಸರಕನ್ನೇ ಹೊಗಳೋದು ಸಹಜ. ಕಾಲೇಜು, ಸರ್ಕಾರಿ ಸಂಸ್ಥೆಯ ಪಾಠಕ್ಕೂ ಅದಕ್ಕೂ ವ್ಯತ್ಯಾಸ ಇದೆ.

ತೊಂದರೆ ಇರೋದು ಒಬ್ಬರೇ ವೈದ್ಯರಿರುವ ಆಸ್ಪತ್ರೆಗಳಲ್ಲಿ. ಅವರು ಹೋದ್ರೆ ಊರಿಗೆ ಡಾಕ್ಟ್ರಿಲ್ಲ, ಹೋಗದಿದ್ರೆ ಹೊಸದು ಗೊತ್ತಾಗಲ್ಲ. ಆ ದಿನಗಳಿಗೆ ಪಕ್ಕದ ಆಸ್ಪತ್ರೆಯ ವೈದ್ಯರಿಗೆ ಪ್ರಭಾರ ಕೊಟ್ಟು, ಬಾಗಿಲಲ್ಲಿ ಅವರ ಹೆಸರು, ಫೋನ್ ನಂಬರ್ ಬರೆದು ಹಾಕಿದ್ರೆ ಅರ್ಧ ಗೊಣಗಾಟ ಕಡಿಮೆ ಆಗ್ತದೆ. ಗ್ರಾಮ ಪಂಚಾಯಿತಿ, ಹಾಲು ಸಂಘದವರು ಇಷ್ಟನ್ನ ಕೇಳಿ ಪಡೀಬಹುದು.

ನೆನಪಿಡಬೇಕಾದ್ದು

* ಚಿಕಿತ್ಸೆ ಆದ ಮೇಲೆ ಔಷಧಿ ಹೆಸರು, ಡೋಸ್, ಹಾಲು ಎಷ್ಟು ದಿನ ಬಿಡಬೇಕು ಅನ್ನೋದನ್ನ ಚೀಟಿಯಲ್ಲಿ ಬರೆಸಿಕೊಳ್ಳಿ.
* ಹಳೇ ಚೀಟಿ, ಪಕ್ಕದ ಮನೆಯವರ ಚೀಟಿ ತೋರಿಸಿ ಔಷಧಿ ತರಬೇಡಿ.
* ಮೆಡಿಕಲ್ ಶಾಪ್‌ನವರು ಆ್ಯಂಟಿಬಯೋಟಿಕ್‌ಅನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಸೆಫ್ಟ್ರಿಯಾಕ್ಸೋನ್‌ನಂಥ ಎಚ್1 ಪಟ್ಟಿಯ ಔಷಧಿ ಮಾರಿದ್ರೆ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು.
* ನಿಷೇಧ ಆಗಿರುವ ನೋವಿನ ಇಂಜೆಕ್ಷನ್ ಕಪಾಟಿನಲ್ಲಿ ಉಳಿದಿದ್ರೆ ದನಕ್ಕೆ ಅಂತ ಮಾರಬೇಡಿ.
* ವೈದ್ಯರು ಸಿಗದಿದ್ದಾಗ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಗೆ ಫೋನ್ ಮಾಡಿ.